ಸ್ಕಂದನ ಕೈಗೆ ಗೊತ್ತಾದದ್ದು

ಪ್ರತಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಬ್ಯಾಲೆ ಶಾಲೆಯ ಶಿಕ್ಷಕಿ ಮಾರ್ಗರೆತಾ ಮನೆಯಲ್ಲಿ ತಾನೇ ಮಾಡಿದ ದಾಲ್ಚಿನ್ನಿ ಬನ್ನುಗಳನ್ನು ದೊಡ್ಡ ತಟ್ಟೆಯಲ್ಲಿ ತಂದು ಸ್ಟುಡಿಯೋದ ಪಕ್ಕದ ಕೋಣೆಯಲ್ಲಿ ಇಡುತ್ತಿದ್ದಳು. ಬೆಣ್ಣೆಯ ಘಮ ಕಾರಿಡಾರಿನ ಆ ತುದಿಯವರೆಗೂ ಹಬ್ಬುತ್ತಿತ್ತು. "ತಗೊಳ್ಳಿ ಮಕ್ಕಳೇ, ವಾರವೆಲ್ಲ ಬೆವರು ಸುರಿಸಿದ್ದೀರಿ, ಈಗ ಫಿಕಾ" ಎಂದು ಕಾಫಿ-ತಿಂಡಿಯ ಬಿಡುವಿಗೆ ಕರೆಯುವಳು. ಆಮೇಲೆ ಕಾಫಿ ಲೋಟ ಹಿಡಿದು ಗೋಡೆಗೊರಗಿ ನಿಂತು, ಯಾವ ಹುಡುಗಿ ತೆಗೆದುಕೊಂಡಳು, ಎಷ್ಟು ತೆಗೆದುಕೊಂಡಳು ಎಂದು ನೋಡುವಳು. ಹನ್ನೊಂದು ಹುಡುಗಿಯರು ಒಂದೊಂದು ಬನ್ನನ್ನು ನಾಲ್ಕು ಚೂರು ಮಾಡಿ, ಒಂದು ಚೂರನ್ನು ಕಾಗದದ ಮೇಲಿಟ್ಟುಕೊಂಡು, ಅದನ್ನೂ ಸರಿಯಾಗಿ ಮುಟ್ಟದೆ ಹರಟುವರು. ಏನೂ ತಿನ್ನದವಳ ಹೆಗಲ ಮೇಲೆ ಸೋಮವಾರದ ಪಾಠದಲ್ಲಿ ಮಾರ್ಗರೆತಾಳ ಕೈ ಮೆಚ್ಚಿಕೊಂಡಂತೆ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅಷ್ಟೆ. ಗದರುವುದಿಲ್ಲ, ತೂಕ ನೋಡುವುದಿಲ್ಲ.

ಹುಡುಗರು ಮೂವರೇ ಇದ್ದರು. ಅವರು ಎಷ್ಟು ಬೇಕಾದರೂ ತಿನ್ನಬಹುದಿತ್ತು. ಸ್ಕಂದ ಎರಡೆರಡು ತಿನ್ನುತ್ತಿದ್ದ. ಮೂರು ವರ್ಷ ಹಾಗೆ ತಿಂದ. ಈಗ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಅವನು ಅಂಗಡಿಯಿಂದ ಹೊರಗೆ ಬಂದುಬಿಡುತ್ತಾನೆ. ಸ್ವೀಡನ್ನಿನಲ್ಲಿದ್ದುಕೊಂಡು ದಾಲ್ಚಿನ್ನಿಯ ವಾಸನೆ ತಪ್ಪಿಸಿಕೊಳ್ಳುವುದಂತೂ ಆಗದ ಮಾತು.

ಅವನು ಬೆಳೆದದ್ದು ಹೆಲ್ಸಿಂಗ್‌ಬೋರ್ಯ್‌ನಲ್ಲಿ. ತಂದೆ ಮಹಾಬಲೇಶ್ವರ ಕುಮಟೆಯ ಕಡೆಯವರು. ಪೀಠೋಪಕರಣ ಮಾರುವ ದೊಡ್ಡ ಕಂಪನಿಯೊಂದರ ಆಫೀಸಿನಲ್ಲಿ ಸಾಫ್ಟ್‌ವೇರ್ ಕೆಲಸ. ತಾಯಿ ಪದ್ಮಿನಿ ಬೆಂಗಳೂರಿನವರು. ದಾಗಿಸ್‌ನಲ್ಲಿ, ಅಪ್ಪ ಅಮ್ಮ ಕೆಲಸಕ್ಕೆ ಹೋಗುವಾಗ ಬಿಟ್ಟುಹೋಗುವ ಪುಟ್ಟ ಮಕ್ಕಳಿಗೆ ಉಣ್ಣಿಸಿ ಮಲಗಿಸುವ ಕೆಲಸ. ಸ್ಕಂದನಿಗೆ ಎಂಟು ವರ್ಷವಾದಾಗ ಕೊಮ್ಯೂನಿನವರು, ಅಂದರೆ ಊರಿನ ನಗರಸಭೆಯವರು, ಮಕ್ಕಳಿಗೆ ನಡೆಸುವ ಸಂಗೀತ ತರಗತಿಗೆ ಹೆಸರು ಬರೆಸಲು ಪದ್ಮಿನಿ ಹೋದರು. ಡ್ರಮ್ಸ್ ಕಲಿಸಬೇಕೆಂದಿತ್ತು. ಅದು ತುಂಬಿಹೋಗಿತ್ತು. "ಡಾನ್ಸಿನಲ್ಲಿ ಜಾಗ ಇದೆ. ಹುಡುಗನಾ? ಹಾಗಾದರೆ ನಾಳೆಯೇ ಕಳಿಸಿ" ಎಂದರು ಅಲ್ಲಿಯವರು. ಹೀಗೆ ಶುರುವಾಯಿತು.

ಅವನಿಗೆ ಕುಣಿತ ಹಿಡಿಸಿತು. ಗೋಡೆಗೆ ಹಾಕಿದ ಮರದ ಕಂಬಿ ಹಿಡಿದು ಒಂದೇ ಭಂಗಿಯನ್ನು ನೂರು ಸಲ ಮಾಡುವುದೂ ಹಿಡಿಸಿತು. ಹದಿನೈದನೆಯ ವಯಸ್ಸಿಗೆ, ರೈಲಿನಲ್ಲಿ ಮೂರು ಗಂಟೆ ದೂರದ ಊರೊಂದರ ಖಾಸಗಿ ಬ್ಯಾಲೆ ಶಾಲೆಗೆ ಆಯ್ಕೆ ಪರೀಕ್ಷೆ ಕೊಟ್ಟ. ನಾಲ್ಕು ಹುಡುಗರು ಬಂದಿದ್ದರು, ಮೂವರನ್ನು ತೆಗೆದುಕೊಂಡರು. ಹುಡುಗಿಯರು ಎಪ್ಪತ್ತಕ್ಕೂ ಹೆಚ್ಚು. ಹನ್ನೊಂದು ಜನರನ್ನು ತೆಗೆದುಕೊಂಡರು. ಪಟ್ಟಿ ಅಂಟಿಸಿದ ಮೇಲೆ ಕಾರಿಡಾರಿನಲ್ಲಿ ಹುಡುಗಿಯರು ಸಾಲಾಗಿ ಕೂತು ಅಳುತ್ತಿದ್ದರು. ಒಬ್ಬಳ ತಾಯಿ ಮಗಳ ಕಿವಿಯ ಹತ್ತಿರ ಬಾಗಿ, ನಗುತ್ತ ನಗುತ್ತಲೇ, "ನಾನು ಬೇಸಗೆಯಲ್ಲೇ ಹೇಳಿದ್ದೆ ಅಲ್ಲವಾ, ಐಸ್ ಕ್ರೀಮು ಬೇಡ ಅಂತ" ಎನ್ನುತ್ತಿದ್ದಳು. ಸ್ಕಂದ ತನ್ನ ಹೆಸರು ನೋಡಿ ಖುಷಿಪಡಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅವನ ಕಾಲು ಆ ದಿನ ಎರಡು ಸಲ ಎಡವಿತ್ತು. ಅಳುತ್ತಿದ್ದವರಲ್ಲಿ ಒಬ್ಬಳೂ ಎಡವಿರಲಿಲ್ಲ.

ಆ ವರ್ಷದ ಯುಗಾದಿಗೆ ಊರಿನ ಕನ್ನಡದವರೆಲ್ಲ ಬಾಡಿಗೆ ಹಾಲ್‌ನಲ್ಲಿ ಸೇರಿದಾಗ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಕೆಂಚಪ್ಪ ಒಬ್ಬಟ್ಟಿನ ತಟ್ಟೆ ಹಿಡಿದು ಅವನ ಹತ್ತಿರ ಬಂದರು.

"ಏನಪ್ಪಾ, ಹುಡುಗೀರನ್ನ ಎತ್ತೋದಕ್ಕೂ ಇಲ್ಲಿ ಮೂರು ವರ್ಷದ ಕೋರ್ಸ್ ಇದೆಯಂತೆ? ಮೊದಲೇ ಗೊತ್ತಿದ್ರೆ ನಾನ್ಯಾಕೆ ಪಿಎಚ್‌ಡಿಗೆ ಬರ್ತಿದ್ದೆ!"

ಸುತ್ತಲಿದ್ದವರೆಲ್ಲ ನಕ್ಕರು. "ಆ ಟೈಟ್ ಪ್ಯಾಂಟು ಹಾಕ್ಕೊಂಡೇ ಎತ್ತಬೇಕಾ?" ಎಂದು ಇನ್ನೊಬ್ಬರು. ಮಹಾಬಲೇಶ್ವರರೂ ನಕ್ಕರು. ಕೆಂಚಪ್ಪನವರ ನಗೆಯನ್ನು ಸ್ಕಂದ ಮರೆತ. ತುಪ್ಪ ಹತ್ತಿದ ತುಟಿಯಲ್ಲಿ ಅಪ್ಪ, ಇಷ್ಟವಿಲ್ಲದಿದ್ದರೂ ಹತ್ತು ಜನರ ನಡುವೆ ಬೇರೆಯಾಗಿ ಕಾಣಬಾರದೆಂದು ನಕ್ಕದ್ದನ್ನು ಮರೆಯಲಿಲ್ಲ.

ಬ್ಯಾಲೆಯನ್ನು ಸಭಾಂಗಣದಲ್ಲಿ ಕೂತು ನೋಡಿದವರಿಗೆ ಅದರ ವಾಸನೆ ಗೊತ್ತಿರುವುದಿಲ್ಲ. ಶಾಲೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಣಗದ ಟೈಟ್ಸ್, ನೋವಿನ ಮುಲಾಮು, ಹಳೆಯ ಬೆವರು ಎಲ್ಲ ಸೇರಿ ಹುಳಿ ಹಿಟ್ಟಿನಂಥ ನಾತ. ಹುಡುಗಿಯರು ಗುಲಾಬಿ ಸ್ಯಾಟಿನ್ನಿನ ಶೂ ಬಿಚ್ಚಿದರೆ ಒಳಗಿನ ಬಟ್ಟೆಗೆ ಉಗುರು ಅಂಟಿಕೊಂಡು ಬರುತ್ತಿತ್ತು. ಒಬ್ಬರೂ ಮುಖ ಕಿವಿಚುತ್ತಿರಲಿಲ್ಲ. ಗಾಯದ ಫೋಟೋ ತೆಗೆದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಇದೆಲ್ಲ ಸ್ಕಂದನಿಗೆ ಒಂದು ವರ್ಷದಲ್ಲಿ ರೂಢಿಯಾಯಿತು.

ಎರಡನೆಯ ವರ್ಷ ಜೋಡಿ ನೃತ್ಯದ ಪಾಠ ಶುರುವಾಗಿ, ಅವನಿಗೆ ತೂವಾ ಎಂಬ ಹುಡುಗಿ ಜೊತೆಯಾದಳು. ಉತ್ತರದ ಕಡೆಯವಳು, ಅಪ್ಪ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ದೊಡ್ಡ ದನಿ, ದೊಡ್ಡ ನಗು, ಬೈಗುಳ ಬಾಯಿತುಂಬ. ಮೊದಲ ದಿನ ಅವಳ ಸೊಂಟ ಹಿಡಿದು ಎತ್ತಲು ಹೋಗಿ ಇಬ್ಬರೂ ನೆಲಕ್ಕೆ ಬಿದ್ದರು.

"ನಾನೇನು ಆಲೂಗಡ್ಡೆ ಮೂಟೆನಾ? ಮೆತ್ತಗೆ ಇಳಿಸೋ!" ಎಂದು ಅವಳು ಬಿದ್ದಲ್ಲೇ ನಕ್ಕಳು.

ವಾರಾಂತ್ಯಕ್ಕೆ ಮನೆಗೆ ಹೋದವನಿಗೆ ಪದ್ಮಿನಿ ಭಾನುವಾರ ಡಬ್ಬಿಯಲ್ಲಿ ತುಂಬಿ ಕಳಿಸುತ್ತಿದ್ದ ಚಿತ್ರಾನ್ನದಲ್ಲಿ ಅರ್ಧ ತೂವಾಳ ಪಾಲಾಗುತ್ತಿತ್ತು. ಕಡಲೆಬೀಜ ಹೆಕ್ಕಿ ಮೊದಲು ತಿಂದುಬಿಡುತ್ತಿದ್ದಳು. ಒಂದು ವರ್ಷ ಹಾಗೆ ನಡೆಯಿತು. ಇಬ್ಬರೂ ಚೆನ್ನಾಗಿ ಕುಣಿಯುತ್ತಿದ್ದರು.

ಕೊನೆಯ ವರ್ಷದ ಸೆಪ್ಟೆಂಬರಿನಲ್ಲಿ ಮಾರ್ಗರೆತಾ ಒಂದು ದಿನ ತೂವಾಳ ಬೆನ್ನ ಮೇಲೆ ಬೆರಳಾಡಿಸಿ, "ಈ ಗೆರೆ ಇನ್ನೂ ಸ್ವಲ್ಪ ಉದ್ದ ಕಂಡರೆ ಎಷ್ಟು ಚೆಂದ" ಎಂದಳು. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಮುಂದಿನ ವಾರ ತೂವಾ ಡಬ್ಬಿಗೆ ಕೈ ಹಾಕಲಿಲ್ಲ. "ಹೊಟ್ಟೆ ತುಂಬಿದೆ" ಎಂದಳು. ಅದರ ಮುಂದಿನ ವಾರವೂ ಹೊಟ್ಟೆ ತುಂಬಿತ್ತು.

ಕನ್ನಡಿಯಲ್ಲಿ ನೋಡುವವರಿಗೆ ಏನೂ ತಿಳಿಯದ ದಿನಗಳಲ್ಲೇ ಸ್ಕಂದನ ಕೈಗೆ ತಿಳಿಯಿತು. ದಿನಕ್ಕೆ ಎರಡು ಗಂಟೆ ಅವಳನ್ನು ಎತ್ತಿ ಇಳಿಸುವವನು ಅವನು. ಅಕ್ಟೋಬರಿನಲ್ಲಿ ಅವಳು ಸ್ವಲ್ಪ ಹಗುರಾಗಿದ್ದಳು. ನವೆಂಬರಿನಲ್ಲಿ ಅವಳ ಪಕ್ಕೆಲುಬು ಅವನ ಹೆಬ್ಬೆರಳಿಗೆ ಒಂದೊಂದಾಗಿ ಸಿಗತೊಡಗಿತು. ಡಿಸೆಂಬರಿನಲ್ಲಿ ಅವಳ ಕೈ ಹಿಡಿದರೆ ಐಸಿನ ಹಾಗೆ ತಣ್ಣಗೆ. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಬೆನ್ನ ಮೇಲೆ ಎಳೆಗರುವಿಗಿರುವಂಥ ಸಣ್ಣ ನವಿರು ಕೂದಲು. ಎತ್ತಲು ಕೈ ಚಾಚುವಾಗ ಅವನ ಮೈ ಜುಮ್ಮೆನ್ನುತ್ತಿತ್ತು, ಒಲ್ಲೆ ಎನ್ನಿಸುತ್ತಿತ್ತು. ಗೆಳತಿಯ ಮೈ ಮುಟ್ಟಲು ಹೇಸಿಕೊಳ್ಳುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

"ಏನಾದ್ರೂ ತಿಂತಿದೀಯಾ?" ಎಂದು ಒಮ್ಮೆ ಕೇಳಿದ.

"ತಿಂತೀನಿ. ನೀನೇನು ನಮ್ಮಮ್ಮನಾ?" ಎಂದಳು ತೂವಾ. ನಗಲಿಲ್ಲ.

ಆ ತಿಂಗಳಲ್ಲೇ ಅವನು ಅವಳನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ ಸ್ಟುಡಿಯೋದ ಉದ್ದಕ್ಕೂ ನಡೆದ. ಮಾರ್ಗರೆತಾ ಪಿಯಾನೋ ನಿಲ್ಲಿಸಿ ಚಪ್ಪಾಳೆ ತಟ್ಟಿದಳು. "ನೋಡಿ, ಸ್ಕಂದ ಎಷ್ಟು ಬಲಶಾಲಿಯಾಗಿದ್ದಾನೆ! ಎಲ್ಲರೂ ನೋಡಿ." ಎಲ್ಲರೂ ತಟ್ಟಿದರು. ಆದರೆ ಜಿಮ್ಮಿನಲ್ಲಿ ಅವನು ಎತ್ತುತ್ತಿದ್ದ ಕಬ್ಬಿಣ ಸೆಪ್ಟೆಂಬರಿನಿಂದ ಅಷ್ಟೇ ಇತ್ತು. ಒಂದು ಬಿಲ್ಲೆಯೂ ಹೆಚ್ಚಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಚಪ್ಪಾಳೆ ಹಿತವಾಗಿತ್ತು. ಅವಳು ಅಷ್ಟು ಸುಲಭವಾಗಿ ಮೇಲೆ ಹೋದದ್ದೂ ಹಿತವಾಗಿತ್ತು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡ.

ಫೆಬ್ರವರಿಯಲ್ಲಿ ಉತ್ತರದ ಒಂದು ನೃತ್ಯ ತಂಡದ ನಿರ್ದೇಶಕ ಹೊಸಬರನ್ನು ಹುಡುಕಿಕೊಂಡು ಶಾಲೆಗೆ ಬಂದ. ಅವತ್ತು ಮಂಗಳವಾರ, ಊರೆಲ್ಲ ಸೆಮ್ಲಾ ತಿನ್ನುವ ಹಬ್ಬ. ಏಲಕ್ಕಿ ಬನ್ನಿನ ತಲೆ ಕತ್ತರಿಸಿ ಬಾದಾಮಿ ಹೂರಣ, ಕೆನೆ ತುಂಬಿದ ತಿಂಡಿ ಅದು. ಸ್ಕಂದ, ತೂವಾ ಕುಣಿದು ತೋರಿಸಿದರು. ಒಂದೇ ಕೈಯಲ್ಲಿ ಎತ್ತುವುದೂ ಸೇರಿ ಒಂದೂ ತಪ್ಪಲಿಲ್ಲ. ಬೆವರು ಒರೆಸಿಕೊಂಡು ಸ್ಕಂದ ನೀರು ಕುಡಿಯಲು ಪಕ್ಕದ ಕೋಣೆಯ ಬಾಗಿಲಿಗೆ ಬಂದಾಗ ಒಳಗೆ ನಿರ್ದೇಶಕನೂ ಮಾರ್ಗರೆತಾಳೂ ಸೆಮ್ಲಾ ತಿನ್ನುತ್ತಿದ್ದರು. ನಿರ್ದೇಶಕನ ಮೀಸೆಗೆ ಕೆನೆ ಮೆತ್ತಿತ್ತು.

"ಆ ಹುಡುಗಿಯ ಬೆನ್ನು ನೋಡಿದೆಯಾ? ಹಕ್ಕಿಯ ಬೆನ್ನು!" ಎಂದ ಅವನು, ಬಾಯಿ ತುಂಬಿಕೊಂಡೇ. "ಆಗಸ್ಟ್‌ವರೆಗೆ ಹೀಗೇ ಇರಲಿ. ಕೆಡದ ಹಾಗೆ ನೋಡಿಕೋ."

"ಪಾಪ, ತುಂಬ ಕಷ್ಟಪಟ್ಟಿದ್ದಾಳೆ ಅದಕ್ಕೆ" ಎಂದಳು ಮಾರ್ಗರೆತಾ. ನಾಲಿಗೆಯಿಂದ ಬೆರಳಿನ ಸಕ್ಕರೆ ತೆಗೆದಳು.

ಅಂದರೆ ಇವಳಿಗೂ ಗೊತ್ತಿದೆ. ಮೊದಲಿನಿಂದಲೂ ಗೊತ್ತಿದೆ. ಸ್ಕಂದ ನೀರು ಕುಡಿಯದೆ ಹಿಂದಿರುಗಿದ.

ಸಂಜೆಯೊಳಗೆ ಸುದ್ದಿ ತಿಳಿಯಿತು: ಇಬ್ಬರಿಗೂ ಆಗಸ್ಟ್‌ನಿಂದ ಕೆಲಸ, ಮೊದಲ ವರ್ಷ ಕಲಿಯುವವರೆಂದು, ಆಮೇಲೆ ತಂಡದವರೆಂದು. ಪತ್ರ ಒಂದೆರಡು ವಾರದಲ್ಲಿ ಬರುತ್ತದೆ. ತೂವಾ ಅವನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಅವಳ ತೋಳು ಕೋಲಿನ ಹಾಗೆ ಒತ್ತಿತು.

ಆ ದಿನವೇ ಶಾಲೆಯ ನರ್ಸ್ ಹತ್ತಿರ ಹೋಗಿ ಹೇಳಬೇಕು ಎಂದು ಅವನು ತೀರ್ಮಾನಿಸಿದ. ನರ್ಸಿನ ಕೋಣೆ ಎರಡನೆಯ ಮಹಡಿಯಲ್ಲಿತ್ತು, ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಆದರೆ ಹೇಳಿದರೆ ತೂವಾಳನ್ನು ನಿಲ್ಲಿಸುತ್ತಾರೆ. ಅವಳಿಲ್ಲದಿದ್ದರೆ ನಿರ್ದೇಶಕ ಇವನನ್ನು ಇನ್ನೊಮ್ಮೆ ನೋಡಬೇಕೆನ್ನಬಹುದು. ಬೇರೆ ಹುಡುಗಿಯ ಜೊತೆ, ನಿಜವಾದ ಭಾರದ ಹುಡುಗಿಯ ಜೊತೆ. ಪತ್ರ ಬರಲಿ ಎಂದುಕೊಂಡ. ಎಂಟು ದಿನ ಅಭ್ಯಾಸ ನಡೆಯಿತು, ಎಂಟು ದಿನವೂ ಎತ್ತಿದ. ಎರಡನೆಯ ಬುಧವಾರ ಇಳಿಸುವಾಗ ತೂವಾಳ ಮೊಣಕಾಲು ಕುಸಿಯಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಮಾರ್ಗರೆತಾ ನೀರು ಕುಡಿಸಿ, ಹತ್ತು ನಿಮಿಷ ಕೂರಿಸಿ, "ಸರಿಹೋಯಿತಾ ಬಂಗಾರ? ಮೊದಲಿನಿಂದ ಮಾಡೋಣ" ಎಂದಳು. ಸ್ಕಂದ ಮತ್ತೆ ಎತ್ತಿದ. ಗುರುವಾರ ಪತ್ರ ಬಂತು. ಮೊಬೈಲಿನಲ್ಲೇ ಸಹಿ ಹಾಕಿ ಕಳಿಸಿದ. ಶುಕ್ರವಾರ ಬನ್ನು ತಿಂದ. ಶನಿವಾರ, ಭಾನುವಾರ ಕಳೆಯಿತು. ಹದಿಮೂರನೆಯ ದಿನ, ಸೋಮವಾರ ಬೆಳಿಗ್ಗೆ, ಎರಡನೆಯ ಮಹಡಿಗೆ ಹೋದ.

ನರ್ಸ್ ಕೇಳಿಸಿಕೊಂಡಳು. ಕೊನೆಗೆ, "ನಿನಗೆ ಇದು ಯಾವಾಗಿನಿಂದ ಗೊತ್ತು?" ಎಂದು ಕೇಳಿದಳು.

"ಇತ್ತೀಚೆಗೆ" ಎಂದ ಸ್ಕಂದ.

ಅಂದೇ ತೂವಾಳನ್ನು ಆಸ್ಪತ್ರೆಗೆ ಕರೆದೊಯ್ದರು. ಹೃದಯದ ಬಡಿತ ಸರಿಯಿಲ್ಲ, ಕುಣಿಯುವುದಿರಲಿ, ಮೆಟ್ಟಿಲನ್ನೂ ಹತ್ತಬಾರದು ಎಂದರು ಡಾಕ್ಟರು. ಅವಳ ಪತ್ರವನ್ನು ತಂಡದವರು ಮೊದಲು ಮುಂದೂಡಿದರು, ಆಮೇಲೆ ಹಿಂದಕ್ಕೆ ಪಡೆದರು. ಸ್ಕಂದನದು ಹಾಗೇ ಉಳಿಯಿತು.

ಮಾರ್ಗರೆತಾ ಅವನನ್ನು ಕರೆಸಿ ಹೆಗಲ ಮೇಲೆ ಕೈಯಿಟ್ಟಳು. "ಮೊದಲು ನನ್ನ ಹತ್ತಿರ ಬರಬಹುದಿತ್ತಲ್ಲ, ಸ್ಕಂದ. ನಾವಿಲ್ಲಿ ಒಂದು ಮನೆಯವರ ಹಾಗೆ." ದನಿ ಜೇನಿನಂತಿತ್ತು. ಆ ಕೈಯನ್ನು ಕೊಡವಿ ಎಸೆಯಬೇಕೆನಿಸಿತು, ಎಸೆಯಲಿಲ್ಲ. ಶಾಲೆಯವರು ಸಭೆ ಕರೆದರು. ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವುದು ಬೇಡ, ಪರಸ್ಪರ ಮಾತುಕತೆ ಹೆಚ್ಚಬೇಕು ಎಂದು ತೀರ್ಮಾನವಾಯಿತು. ಊಟದ ಕೋಣೆಯಲ್ಲಿ ತರಕಾರಿಗಳ ಚಿತ್ರವಿರುವ ಪೋಸ್ಟರ್ ಅಂಟಿಸಿದರು. ಎರಡು ಶುಕ್ರವಾರ ಬನ್ನು ಬರಲಿಲ್ಲ. ಮೂರನೆಯ ಶುಕ್ರವಾರ ಬಂತು.

ಮನೆಗೆ ಫೋನ್ ಮಾಡಿ ಹೇಳಿದಾಗ ಪದ್ಮಿನಿ, "ಅಯ್ಯೋ ದೇವರೇ, ಆ ಹುಡುಗೀನಾ? ಹೇಳಿ ಒಳ್ಳೇದು ಮಾಡಿದೆ ಕಂದಾ" ಎಂದು ಅತ್ತರು. ಮಹಾಬಲೇಶ್ವರ ಫೋನ್ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು.

"ನಿನ್ನ ಕಾಂಟ್ರಾಕ್ಟಿಗೆ ಏನೂ ತೊಂದ್ರೆ ಇಲ್ಲ ಅಲ್ವೇನೋ?"

ಥೂ, ಇದೇನಾ ಕೇಳುವುದು, ಎಂದು ಸ್ಕಂದನಿಗೆ ರೇಗಿತು. ಬೈಯಲು ಬಾಯಿ ತೆರೆದ. ತಾನು ಹದಿಮೂರು ದಿನ ತನ್ನನ್ನೇ ಕೇಳಿಕೊಂಡದ್ದೂ ಇದನ್ನೇ. "ಇಲ್ಲಪ್ಪ" ಎಂದು ಫೋನ್ ಇಟ್ಟ.

ತೂವಾಳನ್ನು ಊರಿಗೆ ಕರೆದೊಯ್ಯಲು ಅವಳ ತಾಯಿ ಬಂದ ದಿನ ಅವನು ಸ್ಟೇಷನ್ನಿಗೆ ಹೋದ. ತಾಯಿ ಕಾಫಿ ತರಲು ಹೋಗಿದ್ದಳು. ತೂವಾ ದಪ್ಪ ಕೋಟಿನೊಳಗೆ ಹುದುಗಿಕೊಂಡು ಬೆಂಚಿನ ಮೇಲೆ ಕೂತಿದ್ದಳು.

"ನೀನು ತುಂಬ ಒಳ್ಳೆಯವನಂತೆ. ಎಲ್ಲರೂ ಹೇಳ್ತಿದ್ದಾರೆ" ಎಂದಳು.

"ತೂವಾ, ನಾನು..."

"ನನ್ನ ಮುಟ್ಟೋಕೆ ನಿಂಗೆ ಹೇಸಿಗೆ ಆಗ್ತಿತ್ತು. ನಿನ್ನ ಕೈ ಸೊಂಟದ ಹತ್ತಿರ ಬಂದು, ಒಂದು ಸಲ ಹಿಂದೆ ಹೋಗಿ, ಆಮೇಲೆ ಹಿಡೀತಿತ್ತು. ಪ್ರತಿ ಸಲ. ಡಿಸೆಂಬರ್‌ನಿಂದ." ಅವಳು ಅವನ ಮುಖ ನೋಡಲಿಲ್ಲ. "ಡಿಸೆಂಬರ್‌ನಿಂದ ಗೊತ್ತಿತ್ತಲ್ಲ? ಮತ್ತೆ ಈಗ್ಯಾಕೆ ಹೇಳಿದೆ?"

ಅವನು ಅವಳ ಬ್ಯಾಗನ್ನು ಬೆಂಚಿನ ಹತ್ತಿರಕ್ಕೆ ಸರಿಸಿದ.

"ಸಹಿ ಆಯ್ತಾ?"

"ಆಯ್ತು."

"ಹ್ಞೂಂ" ಎಂದಳು ತೂವಾ. ತಾಯಿ ಕಾಫಿ ತಂದಳು. ರೈಲು ಬರುವವರೆಗೂ ಮೂವರೂ ಹವೆಯ ಮಾತಾಡಿದರು.

ಆಗಸ್ಟಿನಲ್ಲಿ ಸ್ಕಂದ ಉತ್ತರದ ತಂಡ ಸೇರಿದ. ಮೊದಲ ದಿನ ಅವನಿಗೆ ಜೋಡಿಯಾಗಿ ಕೊಟ್ಟದ್ದು ಯೋಹಾನ್ನಾ ಎಂಬ ಇಪ್ಪತ್ತೊಂಬತ್ತರ ಹೆಂಗಸನ್ನು. ಮಧ್ಯಾಹ್ನ ಅರ್ಧ ಪಿಜ್ಜಾ ತಿಂದು ಬಂದಿದ್ದಳು, ಗಟ್ಟಿ ತೊಡೆ, ಬಿಸಿ ಅಂಗೈ. ಅವಳನ್ನು ತಲೆಯ ಮೇಲೆತ್ತಲು ಅವನಿಂದ ಆಗಲಿಲ್ಲ. ತೋಳು ನಡುಗಿ ಅವಳು ಅವನ ಎದೆಯ ಮೇಲೆ ಜಾರಿ ಇಳಿದಳು. ಅಭ್ಯಾಸ ಮಾಡಿಸುವವನು ಹುಬ್ಬು ಗಂಟಿಕ್ಕಿದ. "ಫೆಬ್ರವರಿಯಲ್ಲಿ ನೀನು ಒಂದೇ ಕೈಯಲ್ಲಿ ಎತ್ತಿದೆಯಂತೆ?"

"ಆ ಹುಡುಗಿ ಕಾಯಿಲೆಯವಳು" ಎಂದು ಸ್ಕಂದ ಹೇಳಿದ. ಆ ಬಲ ತನ್ನದಲ್ಲವೆಂದು ಒಪ್ಪಿಕೊಂಡದ್ದು ಅದೇ ಮೊದಲು, ಅದೂ ಒಬ್ಬ ಗುರುತಿಲ್ಲದವನ ಮುಂದೆ. ಕೋಣೆಯಲ್ಲಿದ್ದವರೆಲ್ಲ ಏನೋ ಕೆಲಸವಿದ್ದಂತೆ ತಮ್ಮ ಶೂ ನೋಡಿಕೊಂಡರು. ನಾಲ್ಕು ತಿಂಗಳು ಜಿಮ್ಮಿನಲ್ಲಿ ಬಡಿದಾಡಿ ಅವನು ಆ ಬಲವನ್ನು ನಿಜಕ್ಕೂ ಸಂಪಾದಿಸಿದ.

ಈಗ ಅವನಿಗೆ ಇಪ್ಪತ್ತೊಂದು. ತಂಡದಲ್ಲಿ ಕೆಲಸ ಕಾಯಂ ಆಗಿದೆ. ಸಾಲಿನಲ್ಲಿ ಎಡದಿಂದ ಮೂರನೆಯವನು. ವರ್ಷಕ್ಕೊಮ್ಮೆ ಒಂದು ಸಣ್ಣ ಪಾತ್ರ. ಕುಣಿಯುವಾಗ ಸುಖವಾಗಿಯೇ ಇರುತ್ತಾನೆ. ಪರದೆ ಬಿದ್ದು, ಹೂವು ಕೊಟ್ಟು, ಎದುರಿಗೆ ಕೂತವರು ಎದ್ದು ನಿಂತಾಗ ಮಾತ್ರ ಬಾಯಿ ಕಹಿಯಾಗುತ್ತದೆ.

ಕಳೆದ ಮಾರ್ಚಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಪದ್ಮಿನಿಯ ಫೋನ್ ಬಂತು.

"ನಿಮ್ಮ ಶಾಲೆ ವೆಬ್‌ಸೈಟಲ್ಲಿ ನಿನ್ನ ದೊಡ್ಡ ಫೋಟೋ ಹಾಕಿದ್ದಾರೆ ಕಣೋ! 'ನಮ್ಮಲ್ಲಿ ಕಲಿತವರು' ಅಂತ. ನಾನು ಆಗಲೇ ನಮ್ಮ ಕನ್ನಡದವರ ಗ್ರೂಪಿಗೆ ಹಾಕಿದೆ, ಎಲ್ಲರೂ ಮೆಸೇಜ್ ಮಾಡ್ತಿದ್ದಾರೆ."

ಸ್ಕಂದ ತೆರೆದು ನೋಡಿದ. ಫೆಬ್ರವರಿಯ ಆ ಮಂಗಳವಾರದ ಫೋಟೋ. ಅವನ ತೋಳು ಮೇಲೆ ಚಾಚಿದೆ. ಮೇಲಿನ ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ. ಅವನ ಭುಜದ ಮೇಲೆ ಊರಿದ ಒಂದು ಕೈ ಮಾತ್ರ ಉಳಿದಿದೆ, ಮೂಳೆ ಎದ್ದ ಮಣಿಕಟ್ಟು.

"ಅಮ್ಮಾ, ಅದನ್ನ ಡಿಲೀಟ್ ಮಾಡು."

"ಯಾಕೋ? ಎಷ್ಟು ಚೆನ್ನಾಗಿ ಕಾಣ್ತೀಯಾ..." ಎಂದವರು ನಿಲ್ಲಿಸಿದರು. "ಆ ಕೈ... ಅದು ಆ ಹುಡುಗೀದಾ?"

ಆಗ ಅವನು ಎಲ್ಲವನ್ನೂ ಹೇಳಿದ. ಹದಿಮೂರು ದಿನ, ಸಹಿ, ಕುಸಿದ ಮೊಣಕಾಲು, ನರ್ಸಿಗೆ ಹೇಳಿದ ಸುಳ್ಳು. ಪದ್ಮಿನಿ, ಹೋಗಲಿ ಬಿಡು, ನೀನೂ ಚಿಕ್ಕವನಿದ್ದೆ, ಎಂದಾರೆಂದು ಅವನು ಕಾದ. ಅವರು ಹಾಗೆ ಅನ್ನಲಿಲ್ಲ.

"ನಮ್ಮ ದಾಗಿಸಲ್ಲಿ ಒಂದು ಮಗು ಒಂದು ಹೊತ್ತು ಸರಿಯಾಗಿ ತಿನ್ನದಿದ್ರೂ ಬರೆದಿಟ್ಟು ಸಂಜೆ ಅವರಮ್ಮಂಗೆ ಹೇಳ್ತೀವಿ ಕಣೋ" ಎಂದರು. ಆಮೇಲೆ, "ಈಗ ಊಟ ಮಾಡ್ತಾಳಂತಾ ಅವಳು?"

"ಗೊತ್ತಿಲ್ಲಮ್ಮ. ಎಲೆಕ್ಟ್ರಿಷಿಯನ್ ಕೆಲಸ ಕಲೀತಿದ್ದಾಳೆ ಅಂತ ಯಾರೋ ಹೇಳಿದ್ರು."

"ಯಾರೋ ಹೇಳೋದಲ್ಲ. ನೀನೇ ಕೇಳು."

"ಬೈತಾಳೆ."

"ಬೈಸ್ಕೋ."

ಅವನು ಬರೆದ. ಹೇಗಿದ್ದೀಯಾ ಎಂದಷ್ಟೇ ಬರೆದು, ಅದನ್ನು ಅಳಿಸಿ, ಹದಿಮೂರು ದಿನದ ವಿಷಯವನ್ನೂ ಬರೆದು ಕಳಿಸಿದ. ಮೂರನೆಯ ದಿನ ಉತ್ತರ ಬಂತು. "ಊಟ ಮಾಡ್ತೀನಿ. ಕೆಲಸ ಇಷ್ಟ. ನೀನು ಬರೆದದ್ದು ನನಗೆ ಮೊದಲೇ ಗೊತ್ತಿತ್ತು. ಇನ್ನು ಬರೀಬೇಡ."

ಅವನು ಮತ್ತೆ ಬರೆಯಲಿಲ್ಲ. ಶಾಲೆಗೆ ಮಾತ್ರ ಪ್ರತಿ ತಿಂಗಳೂ ಬರೆಯುತ್ತಾನೆ, ಆ ಫೋಟೋ ತೆಗೆಯಿರಿ ಎಂದು. ಪ್ರತಿ ತಿಂಗಳೂ ಮಾರ್ಗರೆತಾ ತಾನೇ ಉತ್ತರಿಸುತ್ತಾಳೆ: ನಿನ್ನ ಪತ್ರ ಕಂಡು ತುಂಬ ಸಂತೋಷವಾಯಿತು, ವಿಷಯವನ್ನು ಸಂಬಂಧಪಟ್ಟವರಿಗೆ ತಿಳಿಸಿದ್ದೇನೆ, ಈ ಕಡೆ ಬಂದಾಗ ಫಿಕಾಕ್ಕೆ ಬಾ, ಒಂದು ಅಪ್ಪುಗೆ. ಫೋಟೋ ಇನ್ನೂ ಅಲ್ಲೇ ಇದೆ.